ಮನೆಗೆ ಮೋಲ್ಡ್ (ತಾರಸಿ ಕಾಂಕ್ರೀಟ್) ಹಾಕಬೇಕು, ಇಪ್ಪತ್ತೈದು ಜನ ಬರ್ತಾರೆ. ಕೊರೊನಾ ಹೊತ್ತಲ್ಲಿ ಕೆಲಸದವರನ್ನು ಹೇಗೆ ಕಾಪಾಡೋದು?

ಶಾಮನೂರು ರಸ್ತೆಯವ · ಜೂನ್ 16, 2021, ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಸೆಂಟ್ರಿಂಗ್ (ಕಾಂಕ್ರೀಟ್ ಹೊರೋ ಶೀಟು, ಕಂಬ) ಹೊಡೆದು ಕಂಬಿ ಕಟ್ಟಿ ಮುಗಿಸುವ ಹೊತ್ತಿಗೆ ಲಾಕ್‌ಡೌನ್ ಬಿತ್ತು. ಕಂಬಿ ಮಳೆಗೆ ನೆನೆಯುತ್ತಿದೆ, ಸೆಂಟ್ರಿಂಗ್ ಶೀಟಿನ ಬಾಡಿಗೆ ಓಡುತ್ತಿದೆ. 14ನೇ ತಾರೀಕು ಬೇರೆ ಜಿಲ್ಲೆಗಳಿಗೆ ಸಡಿಲ ಮಾಡಿದರು, ನಮ್ಮದು ಸೇರಿ 11 ಜಿಲ್ಲೆಗಳಿಗೆ ಇಲ್ಲ ಅಂದರು. 21ಕ್ಕೆ ಬಿಡಬಹುದು ಅಂತ ಕಾಯುತ್ತಿದ್ದೇವೆ. ಬಿಟ್ಟ ಕೂಡಲೇ ಮೋಲ್ಡ್ ಹಾಕಿಬಿಡೋಣ ಅಂತ ನಮ್ಮ ಮೇಸ್ತ್ರಿ ಹೇಳುತ್ತಿದ್ದಾರೆ.

ಚಿಂತೆ ಇರೋದು ಇಲ್ಲಿ. ಮೋಲ್ಡ್ ದಿನ ಇಪ್ಪತ್ತೈದು ಜನ ಬೇಕು. ಅರ್ಧ ಜನ ಜಗಳೂರು ಕಡೆ ಹಳ್ಳಿಗಳಿಂದ ಟಾಟಾ ಏಸ್‌ನಲ್ಲಿ ಬರುತ್ತಾರೆ. ಉಳಿದವರು ಯಾದಗಿರಿ ಕಡೆಯವರು. ಸೈಟಿನ ಪಕ್ಕ ತಗಡಿನ ಶೆಡ್ಡಿನಲ್ಲೇ ಇದ್ದಾರೆ, ಸಣ್ಣ ಮಕ್ಕಳೂ ಇವೆ. ಪಕ್ಕದ ಹಳೇ ಮನೆಯಲ್ಲಿ ನನ್ನ ತಾಯಿ. ಎಪ್ಪತ್ತು ದಾಟಿದೆ, ಶುಗರ್ ಇದೆ.

ಒಂದು ಕ್ಯಾನ್ ಸ್ಯಾನಿಟೈಸರ್, ಒಂದು ಡಬ್ಬಿ ಮಾಸ್ಕ್, ಹಣೆಗೆ ಹಿಡಿಯೋ ಜ್ವರದ ಗನ್ ತಂದಿಟ್ಟಿದ್ದೇನೆ. ಇಷ್ಟು ಸಾಕಾ? ಗೊತ್ತಿರುವವರು ಹೇಳಿ.

ಮಂಡಕ್ಕಿ ಮಿರ್ಚಿ · ಜೂನ್ 16

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಸರ್. ಬಿಸಿಲು ಮಳೆ ಉಂಡ ಮೈ ಅವರದ್ದು. ಇದು ಎಸಿ ರೂಮಲ್ಲಿ ಕೂತವರಿಗೆ ಬರೋ ಕಾಯಿಲೆ. ಗಾರೆ ಕೆಲಸದವರಿಗೆ ಏನೂ ಆಗಲ್ಲ.

ಪಿಎಚ್‌ಸಿ ಡಾಕ್ಟ್ರು · ಜೂನ್ 16, ಮಧ್ಯಾಹ್ನ

ಈ ಮಾತು ಹೋದ ವರ್ಷದಿಂದ ಕೇಳುತ್ತಿದ್ದೇನೆ. ಗಟ್ಟಿ ಮೈ ಬೇರೆ, ಗಟ್ಟಿ ಶ್ವಾಸಕೋಶ ಬೇರೆ. ಕಲ್ಲು ಒಡೆಯುವವರು, ಟೈಲ್ಸ್ ಕತ್ತರಿಸುವವರು, ಗೋಡೆಗೆ ಪುಟ್ಟಿ ಹೊಡೆದು ಉಜ್ಜುವವರು ವರ್ಷಗಟ್ಟಲೆ ದೂಳು ಕುಡಿದಿರುತ್ತಾರೆ. ಸಿಲಿಕಾ ದೂಳು ಒಳಗೆ ಕೂತವರಿಗೆ ಕ್ಷಯ ಬೇಗ ಹತ್ತುತ್ತದೆ ಅನ್ನೋದು ಹಳೇ ವಿಷಯ. ಅಂಥ ಎದೆಗೆ ಇನ್ನೊಂದು ಸೋಂಕು ಬಂದರೆ ತಡೆದುಕೊಳ್ಳೋ ಶಕ್ತಿ ಕಡಿಮೆ ಇರುತ್ತದೆ, ಜಾಸ್ತಿ ಅಲ್ಲ. ಇನ್ನೊಂದು ತೊಂದರೆ ಏನಂದರೆ ಇವರಿಗೆ ಕೆಮ್ಮು ಯಾವಾಗಲೂ ಇರುತ್ತದೆ. "ದೂಳಿನ ಕೆಮ್ಮು ಬಿಡ್ರಿ" ಅಂತ ಅವರೂ ಅಂತಾರೆ, ಮೇಸ್ತ್ರಿಯೂ ಅಂತಾರೆ. ಹಾಗಾಗಿ ಕೆಮ್ಮನ್ನು ನೋಡಿ ಗೊತ್ತುಮಾಡೋದು ಕಷ್ಟ. ಮೈಕೈ ನೋವು, ವಾಸನೆ ಗೊತ್ತಾಗದೆ ಇರೋದು, ಗಂಟಲು ಕೆರೆತ, ಭೇದಿ, ಇವನ್ನೂ ಕೇಳಬೇಕು.

ನೀವು ತಂದಿರೋ ಮೂರು ಸಾಮಾನಿನ ವಿಷಯಕ್ಕೆ ಬರೋಣ. ಗನ್ ಇಡಿ, ಆದರೆ ಅದನ್ನೇ ನಂಬಿ ಕೂರಬೇಡಿ. ಬಿಸಿಲಲ್ಲಿ ಗಾಡಿ ಇಳಿದು ಬಂದವನ ಹಣೆಗೆ ಹಿಡಿದರೆ ಇಲ್ಲದ ಜ್ವರ ತೋರಿಸುತ್ತದೆ. ನೆರಳಲ್ಲಿ ಸ್ವಲ್ಪ ಹೊತ್ತು ಕೂರಿಸಿ, ಹಣೆ ಒರೆಸಿ ಆಮೇಲೆ ನೋಡಬೇಕು. ಬೆಳಿಗ್ಗೆ ಪ್ಯಾರಾಸಿಟಮಾಲ್ ನುಂಗಿ ಬಂದವನ ಜ್ವರ ಗನ್ನಿಗೆ ಸಿಗೋದೇ ಇಲ್ಲ. ಜ್ವರ ಶುರುವಾಗೋಕೆ ಎರಡು ದಿನ ಮೊದಲೇ ಒಬ್ಬ ಇನ್ನೊಬ್ಬನಿಗೆ ಹಚ್ಚಬಲ್ಲ, ಅದೂ ಇದೆ.

ಗಾರೆ ಮೇಸ್ತ್ರಿ ನಿಟುವಳ್ಳಿ · ಜೂನ್ 16, ಸಂಜೆ

ಮಗ ಟೈಪ್ ಮಾಡಿಕೊಡುತ್ತಿದ್ದಾನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಸ್ಯಾನಿಟೈಸರ್ ತಂದಿದ್ದೀರಿ, ಸಂತೋಷ. ಅದು ನಮ್ಮ ಕೈಗೆ ಆಗಲ್ಲ. ಸಿಮೆಂಟು ಕಲಸಿ ಕಲಸಿ ಬೆರಳ ಸಂದಿ ಸೀಳಿರುತ್ತದೆ, ಉಗುರಿನ ಬುಡ ಒಡೆದಿರುತ್ತದೆ. ಅದರ ಮೇಲೆ ಸ್ಪಿರಿಟ್ಟು ಬಿದ್ದರೆ ಪ್ರಾಣ ಹೋದಂಗೆ ಉರಿ. ಒಂದು ಸಲ ಹಾಕಿಸಿಕೊಂಡ ಹೆಣ್ಣಾಳು ಎರಡನೇ ಸಲ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಾಳೆ. ಸೋಪು ನೀರು ಇಟ್ಟುಬಿಡಿ ಸಾಕು. ಪ್ಲಾಸ್ಟಿಕ್ ಡ್ರಮ್ಮಿಗೆ ಕೆಳಗೆ ನಲ್ಲಿ ಕೂರಿಸಿ. ಸೋಪನ್ನು ಈರುಳ್ಳಿ ಬರೋ ಬಲೆ ಚೀಲದಲ್ಲಿ ಹಾಕಿ ನಲ್ಲಿಗೆ ಕಟ್ಟಿ. ಇಲ್ಲದಿದ್ದರೆ ಸೋಪು ಮರಳಲ್ಲಿ ಬಿದ್ದು ಉಪ್ಪುಕಾಗದ ಆಗುತ್ತದೆ, ಯಾರೂ ಮುಟ್ಟಲ್ಲ. ಪಕ್ಕದಲ್ಲಿ ಒಂದು ಬಾಟ್ಲಿ ಕೊಬ್ಬರಿ ಎಣ್ಣೆ ಇಡಿ. ಎಣ್ಣೆ ಸಿಗುತ್ತದೆ ಅಂದರೆ ಕೈ ತೊಳೆಯೋಕೆ ತಾವಾಗೇ ಬರುತ್ತಾರೆ.

ಮೋಲ್ಡ್ ದಿನದ್ದು ಹೇಳುತ್ತೇನೆ. ಕಾಂಕ್ರೀಟ್ ಬಾಂಡ್ಲಿ ಕೈಯಿಂದ ಕೈಗೆ ದಾಟಿಸೋಕೆ ಸಾಲು ನಿಂತರೆ ಒಬ್ಬನ ಮುಖ ಇನ್ನೊಬ್ಬನ ಮುಖಕ್ಕೆ ಹತ್ತಿರ. ದೂರ ನಿಲ್ಲಿ ಅಂದರೆ ಬಾಂಡ್ಲಿ ಕೈಗೆ ಎಟುಕಲ್ಲ. ಅದಕ್ಕೇ ಲಿಫ್ಟ್ ಇರೋ ಮಿಕ್ಸರ್ ಮಷಿನ್ ತರಿಸಿ. ಕೆಳಗಿಂದ ಮೇಲಿನ ಸಾಲೇ ತಪ್ಪುತ್ತದೆ, ಜನ ಕಡಿಮೆ ಸಾಕು. ಬಾಡಿಗೆ ಜಾಸ್ತಿ ಅಂತ ಮಾಲೀಕರು ಹಿಂದೆ ಮುಂದೆ ನೋಡುತ್ತಾರೆ, ಕಡಿಮೆಯಾದ ಆಳಿನ ಕೂಲಿ ಲೆಕ್ಕ ಹಾಕಿದರೆ ಅಷ್ಟೇನೂ ವ್ಯತ್ಯಾಸ ಬರಲ್ಲ.

ಮೋಲ್ಡ್ ಅರ್ಧಕ್ಕೆ ನಿಲ್ಲಿಸೋ ಹಾಗಿಲ್ಲ. ನಿಲ್ಲಿಸಿದರೆ ಹಳೇ ಕಾಂಕ್ರೀಟಿಗೆ ಹೊಸದು ಕೂಡಲ್ಲ, ಅಲ್ಲೇ ಸೋರುತ್ತದೆ. ಅದಕ್ಕೇ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರೋದು ಬೇಡ. ಎರಡು ಪಂಕ್ತಿ ಮಾಡಿ. ಮಾಸ್ಕ್ ತೆಗೆಯೋದು ಊಟಕ್ಕೆ, ಚಾಕ್ಕೆ, ಎಲೆ ಅಡಿಕೆಗೆ. ಆವಾಗಲೇ ಜಾಸ್ತಿ ಮಾತು, ಜಾಸ್ತಿ ನಗು. ಲೋಟ ಒಬ್ಬೊಬ್ಬರದು ಒಂದೊಂದು ಇರಲಿ. ಬೀಡಿ ಒಂದನ್ನೇ ಇಬ್ಬರು ಸೇದೋದಿದೆ ನಮ್ಮವರಲ್ಲಿ, ಅದನ್ನು ನಾನೇ ಬೈದು ಬಿಡಿಸುತ್ತೇನೆ.

ಶಾಮನೂರು ರಸ್ತೆಯವ · ಜೂನ್ 16

ಮೇಸ್ತ್ರಿ ಅಣ್ಣ, ಈರುಳ್ಳಿ ಚೀಲದ ಐಡಿಯಾ ಚೆನ್ನಾಗಿದೆ. ಇವತ್ತೇ ಕಟ್ಟಿಸುತ್ತೇನೆ. ಮಾಸ್ಕ್ ಕೆಲಸದ ಹೊತ್ತಲ್ಲೂ ಹಾಕಿಸಬೇಕಾ? ಜಲ್ಲಿ ಹೊರುವಾಗ ಉಸಿರು ಕಟ್ಟುತ್ತದೆ ಅಂತಾರೆ.

ಸೈಟ್ ಇಂಜಿನಿಯರ್ · ಜೂನ್ 16, ರಾತ್ರಿ

ನಾನು ರಸ್ತೆ, ಚರಂಡಿ, ಕಟ್ಟಡ ಮೂರೂ ಕೆಲಸ ನೋಡಿದವನು. ಎಲ್ಲರೂ ಕೆಲಸದ ಜಾಗದ ಮೇಲೆ ಕಣ್ಣಿಟ್ಟು ಮಲಗೋ ಜಾಗ ಮರೆಯುತ್ತಾರೆ. ನನ್ನ ಜಗಳ ಇರೋದೇ ಅಲ್ಲಿ.

ಮೇ 20ಕ್ಕೆ ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ಒಂದು ಸಲಹೆ ಹೊರಡಿಸಿತು. ಸೋಂಕಿರುವವನ ಬಾಯಿಂದ ಬರೋ ದಪ್ಪ ಹನಿ 2 ಮೀಟರ್ ಒಳಗೆ ಬೀಳುತ್ತದೆ, ಸಣ್ಣ ಕಣ ಗಾಳಿಯಲ್ಲಿ ತೇಲಿ 10 ಮೀಟರ್ ತನಕ ಹೋಗಬಹುದು ಅಂತ ಅದರಲ್ಲಿದೆ. ಕಿಟಕಿ ತೆಗೆಯಿರಿ, ಗಾಳಿ ಆಡಲಿ ಅನ್ನೋದೇ ಅದರ ಸಾರ. ಬಯಲಲ್ಲಿ, ಮೋಲ್ಡಿನ ಮೇಲೆ, ಸಾರವೆ ಮೇಲೆ ಒಬ್ಬೊಬ್ಬರೇ ದೂರ ನಿಂತು ದುಡಿಯುವಾಗ ಗಾಳಿ ಅದನ್ನು ಹೊಡೆದುಕೊಂಡು ಹೋಗುತ್ತದೆ. ಆದರೆ ರಾತ್ರಿ ಹತ್ತು ಜನ ಮಲಗೋ ತಗಡಿನ ಶೆಡ್ಡು? ಸೊಳ್ಳೆ ಅಂತ ಬಾಗಿಲು ಹಾಕುತ್ತಾರೆ, ಮಳೆ ಎರಚಲು ಅಂತ ಸಂದಿಗೆಲ್ಲ ಟಾರ್ಪಾಲು ಬಿಗಿಯುತ್ತಾರೆ. ಮುಚ್ಚಳ ಹಾಕಿದ ಕುಕ್ಕರ್ ಅದು.

ಹೋದ ವರ್ಷ ಸಿಂಗಾಪುರದಲ್ಲಿ ನಡೆದದ್ದು ನೋಡಿ. ಅಲ್ಲಿ ಊರೊಳಗೆ ಸೋಂಕು ಹಿಡಿತದಲ್ಲಿತ್ತು. ಆದರೆ ಏಪ್ರಿಲ್ ಹೊತ್ತಿಗೆ ಕಟ್ಟಡ ಕೆಲಸಕ್ಕೆ ಹೋದ ಭಾರತ, ಬಾಂಗ್ಲಾದವರು ಇರೋ ವಸತಿಗಳಲ್ಲಿ ಕಾಡ್ಗಿಚ್ಚಿನ ಹಾಗೆ ಹಬ್ಬಿತು. ಒಂದೊಂದು ರೂಮಲ್ಲಿ ಹತ್ತು ಇಪ್ಪತ್ತು ಜನ, ಮೇಲೆ ಕೆಳಗೆ ಮಂಚ. ವರ್ಷ ಮುಗಿಯೋ ಹೊತ್ತಿಗೆ ಆ ವಸತಿಯವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಸೋಂಕು ತಗುಲಿ ಹೋಗಿತ್ತು. ಅಷ್ಟು ದುಡ್ಡಿರೋ ದೇಶ, ಅಷ್ಟು ಶಿಸ್ತು. ಮಲಗೋ ಜಾಗದಲ್ಲಿ ಸೋತರು.

ನಿಮಗೆ ಒಂದು ಅನುಕೂಲ ಇದೆ. ಮೋಲ್ಡ್ ಆಗಿ, ಸೆಂಟ್ರಿಂಗ್ ಬಿಚ್ಚಿದ ಮೇಲೆ ನಿಮ್ಮ ಮನೆಯೇ ಒಳ್ಳೇ ವಸತಿ. ಕಿಟಕಿಗೆ ಚೌಕಟ್ಟು ಇದೆ, ಬಾಗಿಲಿಲ್ಲ. ಎರಡೂ ಕಡೆಯಿಂದ ಗಾಳಿ ಬರುತ್ತದೆ, ತಲೆ ಮೇಲೆ ಆರ್‌ಸಿಸಿ. ಒಂದು ಕುಟುಂಬ ಹಾಲ್‌ನಲ್ಲಿ, ಇನ್ನೊಂದು ಹಿಂದಿನ ರೂಮಲ್ಲಿ. ಸೊಳ್ಳೆ ಪರದೆ ನೀವೇ ಕೊಡಿಸಿ. ಸೆಂಟ್ರಿಂಗ್ ಕಂಬ ಇರೋ ತನಕ ಮಾತ್ರ ಕೆಳಗೆ ಯಾರೂ ಮಲಗಬಾರದು, ಅದು ಬೇರೆ ಅಪಾಯ. ಅಲ್ಲೀತನಕ ಶೆಡ್ಡಿನ ಎದುರು ಬದುರು ಗೋಡೆಯಲ್ಲಿ, ಸೂರಿನ ಕೆಳಗೆ, ಒಂದೊಂದು ತಗಡು ಬಿಚ್ಚಿ ಮೆಶ್ ಹೊಡೆಸಿ. ಬಡಗಿಗೆ ಅರ್ಧ ದಿನದ ಕೆಲಸ ಅದು.

ಮಾಸ್ಕ್ ಕೇಳಿದಿರಿ. ಕಾಂಕ್ರೀಟ್ ಸುರಿಯುವಾಗ ಮೂಗಿನ ಕೆಳಗೆ ಇಳಿದೇ ಇಳಿಯುತ್ತದೆ. ಅದಕ್ಕೆ ಕೂಗಾಡಿ ಪ್ರಯೋಜನ ಇಲ್ಲ. ಗಾಡಿಯಲ್ಲಿ, ಶೆಡ್ಡಿನಲ್ಲಿ, ಕೂಲಿ ಬಟವಾಡೆಗೆ ಸುತ್ತ ನಿಂತಾಗ, ಮುಚ್ಚಿದ ರೂಮಿನ ಕೆಲಸದಲ್ಲಿ ಹಾಕಲಿ. ಅಲ್ಲಿ ಬಿಡಬೇಡಿ. ಬೆವರಿಗೆ ಒದ್ದೆಯಾದ ಮಾಸ್ಕ್ ಉಪಯೋಗಕ್ಕಿಲ್ಲ, ಮಧ್ಯಾಹ್ನಕ್ಕೆ ಇನ್ನೊಂದು ಕೊಡಿ. ಮುಂದೆ ಬಿಳಿ ಬಟನ್ ಇರೋ ವಾಲ್ವ್ ಮಾಸ್ಕ್ ಬೇಡ. ಅದು ದೂಳಿಗೆ ಸರಿ, ಆದರೆ ಹಾಕಿಕೊಂಡವನ ಉಸಿರು ಸೋಸದೆ ಹೊರಗೆ ಬಿಡುತ್ತದೆ.

ಮಂಡಕ್ಕಿ ಮಿರ್ಚಿ · ಜೂನ್ 17

ಇಷ್ಟೆಲ್ಲ ಯಾಕೆ? ಟಾಟಾ ಏಸ್ ಗೇಟಿಗೆ ಬಂದ ಕೂಡಲೇ ಎಲ್ಲರ ಮೇಲೂ ಬ್ಲೀಚಿಂಗ್ ನೀರು ಹೊಡೆದುಬಿಡಿ. ಔಷಧಿ ಹೊಡೆಯೋ ಪಂಪು ಎಲ್ಲರ ಮನೇಲೂ ಇದೆ.

ಪಿಎಚ್‌ಸಿ ಡಾಕ್ಟ್ರು · ಜೂನ್ 17

ದಯವಿಟ್ಟು ಬೇಡ. 2020ರ ಮಾರ್ಚಲ್ಲಿ ಉತ್ತರ ಪ್ರದೇಶದ ಬರೇಲಿಯಲ್ಲಿ ಊರಿಗೆ ಮರಳಿದ ಕೂಲಿ ಜನರನ್ನು ರಸ್ತೆಯಲ್ಲಿ ಕೂರಿಸಿ ಹೀಗೇ ಹೊಡೆದರು. ಮಕ್ಕಳೂ ಇದ್ದರು. ದೇಶವೆಲ್ಲ ಉಗಿಯಿತು. ಆಮೇಲೆ ಕೇಂದ್ರ ಆರೋಗ್ಯ ಇಲಾಖೆಯೇ ಮನುಷ್ಯರ ಮೇಲೆ ಇಂಥದ್ದು ಸಿಂಪಡಿಸಬೇಡಿ ಅಂತ ಬರೆದು ಹೇಳಿತು. ಕಣ್ಣು, ಚರ್ಮ, ಉಸಿರಿನ ದಾರಿ ಸುಡುತ್ತದೆ. ಒಳಗೆ ಹೋದ ವೈರಸ್ಸಿಗೆ ಮೈ ಮೇಲಿನ ನೀರು ಏನು ಮಾಡುತ್ತದೆ? ಬ್ಲೀಚಿಂಗ್ ನೀರು ಶೌಚಾಲಯ, ನಲ್ಲಿ, ಬಾಗಿಲ ಚಿಲಕ ಒರೆಸೋಕೆ ಸಾಕು. ಟಾಯ್ಲೆಟ್ ತೊಳೆಯೋ ಆಸಿಡ್ ಜೊತೆ ಅದನ್ನು ಕಲಸಬೇಡಿ, ವಿಷದ ಗಾಳಿ ಏಳುತ್ತದೆ.

ಕೋಟೆನಾಡು ಗುತ್ತಿಗೆದಾರ · ಜೂನ್ 17

ಚಿತ್ರದುರ್ಗದವನು ನಾನು, ಹೊಳಲ್ಕೆರೆ ರಸ್ತೆ ಕಡೆ ಎರಡು ಮೂರು ಕೆಲಸ ನಡೀತಿವೆ. ಟಾಟಾ ಏಸ್ ಬಗ್ಗೆ ಯಾರೂ ಸರಿಯಾಗಿ ಹೇಳಿಲ್ಲ. ಹಿಂದೆ ಹದಿನೈದು ಜನ, ಮೇಲೆ ಟಾರ್ಪಾಲು. ಮಳೆ ಬಂತು ಅಂತ ನಾಲ್ಕೂ ಕಡೆ ಇಳಿಸಿದರೆ ಮುಗೀತು. ನಾನು ಎರಡು ಟ್ರಿಪ್ ಹೊಡೆಸುತ್ತೇನೆ, ಟಾರ್ಪಾಲು ಹಿಂದೆ ಮುಂದೆ ತೆರೆದೇ ಇರಬೇಕು ಅಂತ ಡ್ರೈವರ್‌ಗೆ ತಾಕೀತು. ಮೊದಲ ಟ್ರಿಪ್ಪಿನವರು ಕಂಬಿ, ಸೆಂಟ್ರಿಂಗ್ ಸರಿ ಮಾಡಿಕೊಳ್ಳುತ್ತಾರೆ, ಎರಡನೆಯವರು ಬರೋ ಹೊತ್ತಿಗೆ ಮಷಿನ್ ಶುರು. ಒಂದೇ ಗಾಡಿಯವರು, ಒಂದೇ ಊರಿನವರು ಒಂದೇ ಗುಂಪಾಗಿ ಕೆಲಸ ಮಾಡಲಿ. ಶೆಡ್ಡಿನವರ ಜೊತೆ ಕಲೆಸಬೇಡಿ. ಒಬ್ಬನಿಗೆ ಬಂದರೆ ಆ ಗುಂಪನ್ನು ಮಾತ್ರ ಕೂರಿಸಬಹುದು, ಇಲ್ಲದಿದ್ದರೆ ಇಡೀ ಸೈಟ್ ಬಂದ್.

ನಿಮ್ಮ ತಾಯಿಯವರ ವಿಷಯ. ಕೆಲಸದವರು ನಿಮ್ಮ ಹಳೇ ಮನೆಯ ನಲ್ಲಿಗೆ, ಬಚ್ಚಲಿಗೆ ಬರೋ ಹಾಗೆ ಮಾಡಬೇಡಿ. ಅವರಿಗೆ ಬೇರೆ ನೀರು, ಬೇರೆ ಶೌಚಾಲಯ ಮಾಡಿಕೊಡಿ. ಅದು ಅವರಿಗೂ ಮರ್ಯಾದೆ.

ಜ್ವರ ಇದ್ದವನನ್ನು ನಾನು ವಾಪಸ್ ಕಳಿಸುತ್ತೇನೆ, ಮುಲಾಜೇ ಇಲ್ಲ. ಹುಷಾರಾದ ಮೇಲೆ ಬಾ ಅಂತೀನಿ.

ಸೆಂಟ್ರಿಂಗ್ ಹುಡುಗ · ಜೂನ್ 17, ರಾತ್ರಿ

ಗುತ್ತಿಗೆದಾರರೇ, ವಾಪಸ್ ಕಳಿಸಿದ ದಿನದ ಕೂಲಿ ಕೊಡ್ತೀರಾ?

ಕೋಟೆನಾಡು ಗುತ್ತಿಗೆದಾರ · ಜೂನ್ 17

ಕೆಲಸ ಮಾಡದವನಿಗೆ ಕೂಲಿ ಎಲ್ಲಿಂದ ಕೊಡಲಿ ತಮ್ಮಾ? ಸಿಮೆಂಟು, ಕಂಬಿ ರೇಟು ನೋಡಿದ್ದೀಯಾ? ಮಾಲೀಕರಿಂದ ನನಗೇ ಬಿಲ್ಲು ಬಂದಿಲ್ಲ.

ಸೆಂಟ್ರಿಂಗ್ ಹುಡುಗ · ಜೂನ್ 17

ಅದಕ್ಕೇ ಯಾರೂ ಹೇಳಲ್ಲ. ನಮ್ಮ ಗ್ಯಾಂಗಲ್ಲಿ ಎಲ್ಲರ ಜೇಬಲ್ಲೂ ಡೋಲೋ ಜ್ವರದ ಮಾತ್ರೆ ಇರುತ್ತದೆ. ಮೈ ಬಿಸಿ ಅನ್ನಿಸಿದರೆ ಎದ್ದ ಕೂಡಲೇ ಒಂದು, ಗಾಡಿ ಹತ್ತೋ ಮೊದಲು ಇನ್ನೊಂದು. ಗೇಟಲ್ಲಿ ಗನ್ ಹಿಡಿದರೆ ನಾರ್ಮಲ್. ಬಾಯಿ ಬಿಟ್ಟರೆ ಹದಿನಾಲ್ಕು ದಿನ ಮನೆ. ನಮ್ಮ ಮನೇಲಿ ಹದಿನಾಲ್ಕು ದಿನದ ಅಕ್ಕಿ ಇರಲ್ಲ. ಅಂಗಡಿಯವನು ಸಾಲ ಕೊಡಲ್ಲ. ಮೇಸ್ತ್ರಿ ಹತ್ತಿರ ಮುಂಗಡ ಆಗಲೇ ತಗೊಂಡಿದ್ದೀವಿ. ಒಬ್ಬ ಹೇಳಿದರೆ ಅವನ ಜೊತೆ ಮಲಗಿದವರೂ ಕೆಲಸ ಕಳ್ಕೊಳ್ಳುತ್ತಾರೆ, ಹಾಗಾಗಿ ಹೇಳಬೇಡ ಅಂತ ಅವರೇ ತಡೆಯುತ್ತಾರೆ. ನೀವೆಲ್ಲ ಎಷ್ಟು ಚೆನ್ನಾಗಿ ಡ್ರಮ್ಮು ಸೋಪು ಮೆಶ್ ಬರೆದಿದ್ದೀರಿ. ಎಲ್ಲ ಸರಿ. ಜ್ವರ ಅಂತ ಹೇಳಿದವನಿಗೆ ಕೂಲಿ ಸಿಗುತ್ತದೆ ಅಂತ ಗೊತ್ತಾದರೆ ಗನ್ನೇ ಬೇಡ, ನಾವೇ ಬಂದು ಹೇಳುತ್ತೇವೆ.

ಸೈಟ್ ಇಂಜಿನಿಯರ್ · ಜೂನ್ 18, ಬೆಳಿಗ್ಗೆ

ಈ ಹುಡುಗ ಹೇಳಿದ್ದನ್ನು ನಾವು ಯಾರೂ ಬರೆಯಲಿಲ್ಲ. ಒಂದು ಮಾತು ಗುತ್ತಿಗೆದಾರರಿಗೆ. ನೀವೇ ಲೆಕ್ಕ ಹಾಕಿ ನೋಡಿ. ಒಬ್ಬ ಹೆಲ್ಪರ್‌ಗೆ ಹತ್ತು ದಿನ ಅರ್ಧ ಕೂಲಿ ಕೊಟ್ಟರೆ ಎಷ್ಟಾಯಿತು? ಅವನು ಮುಚ್ಚಿಟ್ಟು ಗ್ಯಾಂಗಿಗೆಲ್ಲ ಹಚ್ಚಿ, ಸೆಂಟ್ರಿಂಗ್ ಶೀಟು ಎರಡು ವಾರ ಸುಮ್ನೆ ನಿಂತರೆ ಬಾಡಿಗೆ ಎಷ್ಟಾಯಿತು? ಬಂದ ಮಿಕ್ಸರ್ ವಾಪಸ್ ಹೋದರೆ ಎಷ್ಟು? ನಾನು ಧರ್ಮದ ಮಾತು ಆಡುತ್ತಿಲ್ಲ, ಎಸ್ಟಿಮೇಟ್ ಮಾತು ಆಡುತ್ತಿದ್ದೇನೆ.

ಕೋಟೆನಾಡು ಗುತ್ತಿಗೆದಾರ · ಜೂನ್ 18

ಲೆಕ್ಕ ಸರಿ ಇದೆ. ಆದರೆ ಸುಳ್ಳು ಜ್ವರ ಹೇಳಿ ಮನೇಲಿ ಕೂತರೆ? ನಮ್ಮಲ್ಲಿ ಹಾಜರಿ ಪುಸ್ತಕದಲ್ಲೇ ಕಣ್ಣು ಕಟ್ಟುವವರು ಇದ್ದಾರೆ.

ಗಾರೆ ಮೇಸ್ತ್ರಿ ನಿಟುವಳ್ಳಿ · ಜೂನ್ 18

ಟೆಸ್ಟ್ ಮಾಡಿಸಿದರೆ ಕೂಲಿ, ಮಾಡಿಸದಿದ್ದರೆ ಇಲ್ಲ ಅನ್ನಿ. ಆಗ ಸುಳ್ಳು ಹೇಳೋನು ಹೇಳಲ್ಲ. ಮೂಗಿಗೆ ಕಡ್ಡಿ ಹಾಕಿಸಿಕೊಳ್ಳೋಕೆ ಯಾರಿಗೆ ಆಸೆ?

ಪಿಎಚ್‌ಸಿ ಡಾಕ್ಟ್ರು · ಜೂನ್ 18

ಮೇಸ್ತ್ರಿಯವರ ಮಾತು ಸರಿ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ರ‍್ಯಾಪಿಡ್ ಟೆಸ್ಟ್ ಅರ್ಧ ಗಂಟೆ ಒಳಗೆ ಗೊತ್ತಾಗುತ್ತದೆ. ಅದು ಪಾಸಿಟಿವ್ ಅಂದರೆ ಪಾಸಿಟಿವ್ವೇ, ಇನ್ನೊಂದು ಬೇಡ. ನೆಗೆಟಿವ್ ಬಂದು ಜ್ವರ ಇದ್ದರೆ ಆರ್‌ಟಿಪಿಸಿಆರ್ ಮಾಡಿಸಲೇಬೇಕು. ವರದಿ ಬರೋ ತನಕದ ದಿನಗಳಿಗೂ ಕೂಲಿ ಸೇರಿಸಿ, ಇಲ್ಲದಿದ್ದರೆ ಆ ದಿನಗಳಲ್ಲೇ ಕೆಲಸಕ್ಕೆ ಬಂದುಬಿಡುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಟೆಸ್ಟಿಗೆ ದುಡ್ಡಿಲ್ಲ.

ಸಣ್ಣ ಲಕ್ಷಣದವರು ಶುರುವಾದ ದಿನದಿಂದ 10 ದಿನ ಕಳೆದು, ಕೊನೆಯ 3 ದಿನ ಜ್ವರ ಇಲ್ಲದಿದ್ದರೆ ಹೊರಗೆ ಬರಬಹುದು. ಮತ್ತೆ ಟೆಸ್ಟ್ ಬೇಡ. "ನೆಗೆಟಿವ್ ರಿಪೋರ್ಟ್ ತಂದರೆ ಮಾತ್ರ ಕೆಲಸ" ಅಂತ ಕೆಲವು ಮೇಸ್ತ್ರಿಗಳು ಅಂತಾರೆ. ಹಾಗೆ ಅನ್ನಬೇಡಿ. ಸತ್ತ ವೈರಸ್ಸಿನ ಚೂರು ವಾರಗಟ್ಟಲೆ ಪಾಸಿಟಿವ್ ತೋರಿಸಬಹುದು, ಪಾಪ ಅಷ್ಟು ದಿನ ಕೂಲಿ ಹೋಗುತ್ತದೆ. ಶೆಡ್ಡಿನಲ್ಲಿ ಇರುವವರಿಗೆ ಬೇರೆ ರೂಮ್ ಇರಲ್ಲ, ಅವರನ್ನು ಕೋವಿಡ್ ಕೇರ್ ಸೆಂಟರ್‌ಗೆ ಕಳಿಸಿ. ಹೋಗೋಕೆ ಹೆದರುತ್ತಾರೆ. ಫೋನಿಗೆ ಕರೆನ್ಸಿ ಹಾಕಿಸಿ, ಹೆಂಡತಿ ಮಕ್ಕಳಿಗೆ ರೇಷನ್ ತಲುಪುತ್ತದೆ ಅಂತ ಹೇಳಿ ಕಳಿಸಿ. ಆಗ ಹೋಗುತ್ತಾರೆ. ಸಹಾಯಕ್ಕೆ ಆಪ್ತಮಿತ್ರ 14410 ಇದೆ, ಆಂಬುಲೆನ್ಸ್‌ಗೆ 108.

ಆಶಾ ಅಕ್ಕ ಆವರಗೆರೆ · ಜೂನ್ 18, ಸಂಜೆ

ಎಲ್ಲರೂ ಗಂಡಸರ ಬಗ್ಗೆನೇ ಬರೆದಿದ್ದೀರಲ್ಲ. ಜಲ್ಲಿ ಹೊರೋದು ಹೆಣ್ಣಾಳುಗಳು, ಶೆಡ್ಡಿನಲ್ಲಿ ಒಲೆ ಮುಂದೆ ಕೂರೋದೂ ಅವರೇ. ಜ್ವರ ಬಂದವನನ್ನು ನೋಡಿಕೊಳ್ಳೋದು ಅವರೇ, ಅವರಿಗೆ ಬಂದರೆ ಮಾತ್ರ ಯಾರಿಗೂ ಗೊತ್ತಾಗಲ್ಲ.

ಆಕ್ಸಿಮೀಟರ್ ಒಂದು ತಂದಿಡಿ ಅಣ್ಣಾ, ಗನ್ನಿಗಿಂತ ಜಾಸ್ತಿ ಉಪಯೋಗ ಜ್ವರ ಬಂದ ಮೇಲೆ ಅದರದ್ದೇ. ಆದರೆ ಹಾಕೋ ಮೊದಲು ಬೆರಳು ನೋಡಿ. ಹೋದ ವಾರ ಒಂದು ಶೆಡ್ಡಿಗೆ ಹೋಗಿದ್ದೆ. ಒಬ್ಬ ಹೆಣ್ಣುಮಗಳ ಬೆರಳಿಗೆ ಹಾಕಿದರೆ ನಂಬರು ಕುಣಿಯುತ್ತಿತ್ತು, 88, 91, ಖಾಲಿ. ಅವಳ ಗಂಡ ಅಳೋದೊಂದು ಬಾಕಿ. ನೋಡಿದರೆ ಉಗುರಿಗೆ ಕಪ್ಪಗೆ ಗೋರಂಟಿ, ಅದರ ಮೇಲೆ ಒಣಗಿದ ಸಿಮೆಂಟು. ಬಿಸಿನೀರಲ್ಲಿ ಕೈ ಅದ್ದಿಸಿ, ಉಜ್ಜಿ ತೊಳೆಸಿ, ಗೋರಂಟಿ ಇಲ್ಲದ ಬೆರಳು ಹುಡುಕಿ ಹಾಕಿದೆ. 97 ಬಂತು. ತೊಳೆದ ಬೆರಳಲ್ಲಿ 94ಕ್ಕಿಂತ ಕೆಳಗೆ ಬಂದರೆ ಮಾತ್ರ ತಡಮಾಡದೆ ಆಸ್ಪತ್ರೆ.

ಲಸಿಕೆ ವಿಷಯ. ಜೂನ್ 21ರಿಂದ 18 ವರ್ಷ ದಾಟಿದ ಎಲ್ಲರಿಗೂ ಕೇಂದ್ರ ಸರ್ಕಾರದ್ದೇ ಉಚಿತ ಲಸಿಕೆ. ನಿಮ್ಮ ಯಾದಗಿರಿಯವರು "ನಮ್ಮ ಆಧಾರ್ ಊರಲ್ಲಿದೆ, ಇಲ್ಲಿ ಕೊಡಲ್ಲ" ಅಂತ ಕೂತಿರುತ್ತಾರೆ. ಎಲ್ಲಿಯ ಆಧಾರ್ ಆದರೂ ಇಲ್ಲಿ ಕೊಡುತ್ತಾರೆ, ವೋಟರ್ ಕಾರ್ಡೂ ನಡೆಯುತ್ತದೆ. ಯಾವ ಕಾರ್ಡೂ ಇಲ್ಲದವರಿಗೆ ಬೇರೆ ವ್ಯವಸ್ಥೆ ಮಾಡಬೇಕು ಅಂತ ಮೇ ತಿಂಗಳಲ್ಲೇ ಆದೇಶ ಬಂದಿದೆ, ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಗೆ ಹೆಸರು ಕೊಡಿ. ಮಗುವಿಗೆ ಹಾಲು ಕುಡಿಸೋ ತಾಯಂದಿರೂ ಹಾಕಿಸಿಕೊಳ್ಳಬಹುದು, ಅದನ್ನೂ ಮೇ 19ಕ್ಕೆ ಹೇಳಿದ್ದಾರೆ. ಹಾಲು ಕೆಡುತ್ತದೆ ಅನ್ನೋದು ಸುಳ್ಳು. ಕೋವಿಡ್ ಬಂದು ಹೋದವರು ಮಾತ್ರ ಮೂರು ತಿಂಗಳು ಕಾಯಬೇಕು. ಕೋವಿಶೀಲ್ಡ್ ಹಾಕಿಸಿದರೆ ಎರಡನೇದು 12ರಿಂದ 16 ವಾರಕ್ಕೆ. ಅಷ್ಟೊತ್ತಿಗೆ ಇವರು ಯಾವ ಊರಲ್ಲಿ ಇರುತ್ತಾರೋ. ಹಾಕಿಸಿದ ಚೀಟಿಯ ಫೋಟೋ ಅವರ ಫೋನಲ್ಲೇ ಇರಲಿ, ಮೇಸ್ತ್ರಿ ಫೋನಲ್ಲಿ ಅಲ್ಲ.

ಲಸಿಕೆ ಹಾಕಿಸಿದ ಮಾರನೇ ದಿನ ಮೈಕೈ ನೋವು ಬರುತ್ತದೆ. ರಜೆಯ ಹಿಂದಿನ ದಿನ ಹಾಕಿಸಿ. ಮೋಲ್ಡಿನ ಹಿಂದಿನ ದಿನ ಬೇಡವೇ ಬೇಡ.

ಮಂಡಕ್ಕಿ ಮಿರ್ಚಿ · ಜೂನ್ 18

ಅಕ್ಕಾ, ನಮ್ಮ ಕಡೆ ಲಸಿಕೆ ಹಾಕಿಸಿದರೆ ಕೆಲಸ ಮಾಡೋ ಶಕ್ತಿ ಹೋಗುತ್ತದೆ ಅಂತಾರಲ್ಲ?

ಆಶಾ ಅಕ್ಕ ಆವರಗೆರೆ · ಜೂನ್ 18

ನಾನು ಎರಡೂ ಹಾಕಿಸಿಕೊಂಡು ದಿನಾ ನಿಮ್ಮಂಥವರ ಮನೆ ಬಾಗಿಲು ಬಡಿಯುತ್ತಿದ್ದೇನಲ್ಲಪ್ಪಾ.

ಕಾರ್ಡ್ ಮಾಡಿಸಿ · ಜೂನ್ 19

ಕೂಲಿಯ ಜಗಳದಲ್ಲಿ ಒಂದು ವಿಷಯ ಬಿಟ್ಟುಹೋಯಿತು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇದ್ದವರಿಗೆ ಹೋದ ವರ್ಷ 5,000 ರೂಪಾಯಿ ಬಂತು, ಈ ಸಲ 3,000 ಘೋಷಣೆ ಆಗಿದೆ. ಕಾರ್ಡ್ ಇಲ್ಲದವರಿಗೆ ಇಲ್ಲ. ಈ ದುಡ್ಡು ಸರ್ಕಾರದ ಭಿಕ್ಷೆ ಅಲ್ಲ. ಕಟ್ಟಡದ ವೆಚ್ಚದಲ್ಲಿ 1 ಪರ್ಸೆಂಟ್ ಸೆಸ್ ಅಂತ 1996ರ ಕಾಯ್ದೆ ಪ್ರಕಾರ ತೆಗೆದುಕೊಳ್ಳುತ್ತಾರೆ, 10 ಲಕ್ಷದೊಳಗಿನ ಸ್ವಂತ ಮನೆಗೆ ಮಾತ್ರ ವಿನಾಯ್ತಿ. ಅಂದರೆ ನಿಮ್ಮ ಮನೆಯಿಂದಲೂ ಕಟ್ಟಿರುತ್ತೀರಿ ಸರ್. ಆ ದುಡ್ಡು ನಿಮ್ಮ ಮನೆ ಕಟ್ಟಿದವನಿಗೆ ಸೇರಬೇಕೋ ಬೇಡವೋ?

ಕಾರ್ಡಿಗೆ 18ರಿಂದ 60 ವಯಸ್ಸು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ತಾಪತ್ರಯ ಇರೋದು ಆ 90 ದಿನದ ಕಾಗದದಲ್ಲಿ. ಹತ್ತು ಮಾಲೀಕರ ಹತ್ತಿರ ಒಂಬತ್ತೊಂಬತ್ತು ದಿನ ದುಡಿದವನಿಗೆ ಯಾರು ಸಹಿ ಹಾಕುತ್ತಾರೆ? ಕೆಲಸ ಕೊಟ್ಟವರು ಹಾಕಬಹುದು. ನಾಳೆ ಸಹಿ ಕೇಳಿ ಬಂದರೆ ಗೇಟಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಬೇಡಿ. ಕೂಲಿ ತಕರಾರಿಗೆ ಕಾರ್ಮಿಕ ಸಹಾಯವಾಣಿ 155214.

ಶಾಮನೂರು ರಸ್ತೆಯವ · ಜೂನ್ 19, ರಾತ್ರಿ

ಇಷ್ಟು ಜನ ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. 21ರಿಂದ ನಮ್ಮ ಜಿಲ್ಲೆಗೂ ಸಡಿಲ ಅಂತ ಇವತ್ತು ಆದೇಶ ಬಂತು. ಮೇಸ್ತ್ರಿ ಜೊತೆ ಮಾತಾಡಿದೆ. ಲಿಫ್ಟ್ ಮಿಕ್ಸರ್‌ಗೆ ಹೂಂ ಅಂದಿದ್ದಾರೆ, ಆಗ ಹದಿನೈದು ಹದಿನಾರು ಜನ ಸಾಕಂತೆ. ಜಗಳೂರಿನವರಿಗೆ ಎರಡು ಟ್ರಿಪ್, ಹೆಚ್ಚಿನ ಡೀಸೆಲ್ ನಂದು. ಶೆಡ್ಡಿಗೆ ಮೆಶ್ ಆಯಿತು. ತಾಯಿಯನ್ನು ಮೋಲ್ಡ್ ಮುಗಿಯೋ ತನಕ ತಂಗಿ ಮನೆಗೆ ಬಿಡುತ್ತೇನೆ. ಮೊದಲು ಒಪ್ಪಲಿಲ್ಲ, ಮೋಲ್ಡಿಗೆ ಪೂಜೆ ಮಾಡೋರು ಯಾರು ಅಂತ ಜಗಳ. ವಿಡಿಯೋ ಕಾಲ್ ಮಾಡುತ್ತೇನೆ ಅಂದಿದ್ದೇನೆ.

ಜ್ವರ ಬಂದವರಿಗೆ ಅರ್ಧ ಕೂಲಿ ಕೊಡೋಣ ಅಂತ ಯೋಚನೆ. ಅರ್ಧ ಸಾಕಾಗುತ್ತದಾ?

ಸೆಂಟ್ರಿಂಗ್ ಹುಡುಗ · ಜೂನ್ 19

ಅರ್ಧ ಕೊಟ್ಟರೆ ಅರ್ಧ ಜನ ಹೇಳುತ್ತಾರೆ ಸರ್. ತಮಾಷೆಗೆ ಅಲ್ಲ. ಹೆಣ್ಣಾಳಿನ ಕೂಲಿ ಮೊದಲೇ ಕಡಿಮೆ, ಅದರ ಅರ್ಧದಲ್ಲಿ ಎಣ್ಣೆ ಬೇಳೆನೂ ಬರಲ್ಲ. ಟೆಸ್ಟಿಗೆ ಹೋದ ದಿನ, ವರದಿ ಬರೋ ತನಕ ಪೂರ್ತಿ ಕೊಡಿ. ಪಾಸಿಟಿವ್ ಬಂದ ಮೇಲೆ ಅರ್ಧ ಕೂಲಿ, ಜೊತೆಗೆ ರೇಷನ್. ಹೀಗಾದರೆ ನಮ್ಮವರು ಒಪ್ಪುತ್ತಾರೆ.

ಕೋಟೆನಾಡು ಗುತ್ತಿಗೆದಾರ · ಜೂನ್ 20

ಇದು ನಡೆಯೋ ಮಾತು. ವರದಿ ತನಕ ಪೂರ್ತಿ ಅಂದರೆ ಎರಡು ಮೂರು ದಿನದ್ದು ಅಷ್ಟೇ. ನಾನೂ ನಮ್ಮ ಮಾಲೀಕರ ಹತ್ತಿರ ಮಾತಾಡಿ ನೋಡುತ್ತೇನೆ. ಅವರು ಒಪ್ಪದಿದ್ದರೆ ನನ್ನ ಕೈಯಿಂದ ಎಷ್ಟು ದಿನ ಆಗುತ್ತದೋ ಗೊತ್ತಿಲ್ಲ, ಸುಳ್ಳು ಯಾಕೆ ಹೇಳಲಿ.

ಆಶಾ ಅಕ್ಕ ಆವರಗೆರೆ · ಜೂನ್ 20

ಒಂದು ಕಡೇ ಮಾತು, ಕೊರೊನಾದ್ದಲ್ಲ. ಮೋಲ್ಡ್ ಆದ ಮೇಲೆ ಕಾಂಕ್ರೀಟ್ ಗಟ್ಟಿಯಾಗಲಿ ಅಂತ ಕ್ಯೂರಿಂಗ್‌ಗೆ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತೀರಿ. ಡ್ರಮ್ಮು, ತೊಟ್ಟಿ ತುಂಬಿಡುತ್ತೀರಿ. ಡೆಂಗಿ ಸೊಳ್ಳೆಗೆ ಅದೇ ತವರುಮನೆ. ಒಂದು ವಾರ ಕದಲದ ನೀರಿದ್ದರೆ ಮೊಟ್ಟೆ ಹೋಗಿ ಸೊಳ್ಳೆ ಆಗಿರುತ್ತದೆ. ಜ್ವರ ಬಂದರೆ ಕೊರೊನಾನೋ ಡೆಂಗಿನೋ ಅಂತ ನಾವು ಒದ್ದಾಡಬೇಕು.

ಸೈಟ್ ಇಂಜಿನಿಯರ್ · ಜೂನ್ 20

ಹೌದು ಮೇಡಂ, ಇದನ್ನು ಯಾರೂ ನೋಡಲ್ಲ. ಈಗ ಸಿಗೋ ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟಿಗೆ ಕಡಿಮೆ ಅಂದರೂ 10 ದಿನ ಕ್ಯೂರಿಂಗ್ ಬೇಕು, ಹಾಗಾಗಿ ನೀರು ಬಿಡೋಕೆ ಆಗಲ್ಲ. ನಾಲ್ಕೈದು ದಿನಕ್ಕೊಮ್ಮೆ ಕಟ್ಟೆ ಒಡೆದು ನೀರೆಲ್ಲ ಹರಿಸಿ, ಆ ಹೊತ್ತಲ್ಲಿ ಒದ್ದೆ ಗೋಣಿ ಹೊದಿಸಿ, ಮತ್ತೆ ಹೊಸ ನೀರು ಕಟ್ಟಿ. ಡ್ರಮ್ಮನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೆ ಉಜ್ಜಿಸಿ, ಮೇಲೆ ಬಟ್ಟೆ ಕಟ್ಟಿ.

ಗಾರೆ ಮೇಸ್ತ್ರಿ ನಿಟುವಳ್ಳಿ · ಜೂನ್ 20, ಸಂಜೆ

ಸರ್, ಕೂಲಿ ವಿಷಯ ನಿಮ್ಮ ಮೇಸ್ತ್ರಿ ಕೈಲಿ ಹೇಳಿಸಬೇಡಿ. ಮೇಸ್ತ್ರಿ ಹೇಳಿದರೆ ಮುಂಗಡದಲ್ಲಿ ಮುರಿದುಕೊಳ್ಳುತ್ತಾನೆ ಅಂತ ಆಳುಗಳು ನಂಬಲ್ಲ, ನಾನೂ ಮೇಸ್ತ್ರಿನೇ, ಗೊತ್ತು. ಮೋಲ್ಡಿನ ಮುಂಚಿನ ಬಟವಾಡೆ ದಿನ ನೀವೇ ಬನ್ನಿ. ಎಲ್ಲರೂ ಇರುತ್ತಾರೆ. ಹಾಜರಿ ಪುಸ್ತಕದ ಮೊದಲ ಹಾಳೆ ಮೇಲೆ ಬರೆದು, ಓದಿ ಹೇಳಿ, ಸಹಿ ಹಾಕಿ. ಯಾದಗಿರಿಯವರಲ್ಲಿ ಓದೋಕೆ ಬರೋ ಹುಡುಗ ಒಬ್ಬ ಇದ್ದೇ ಇರುತ್ತಾನೆ, ಅವನ ಕೈಲೂ ಒಂದು ಸಲ ಓದಿಸಿ.